ಎರೆನೆಲವೂ ದೂರದ ನಿರ್ಣಯಗಳೂ

ವೈಶಾಖದ ನಡುಹಗಲಿನಲ್ಲಿ ಆಳಂದದಿಂದ ಅಫಜಲಪುರದ ಕಡೆಗೆ ಹೋಗುವ ದಾರಿಯಲ್ಲಿ ಬಂಡಿಯಿಂದಿಳಿದು, ಯಾವುದಾದರೊಂದು ಎರೆಹೊಲದ ಬದುವಿನ ಮೇಲೆ ನಿಂತು ನೋಡಿದವನಿಗೆ ಮೊದಲು ಕಾಣುವುದು ಆ ನೆಲದ ಬಿರುಕು. ಮೊಣಕೈವರೆಗೆ ಕೈ ಇಳಿಯುವಷ್ಟು ಆಳವಾದ ಆ ಸೀಳುಗಳೊಳಗೆ ಗಾಳಿಗೆ ಹಾರಿದ ಮೇಲ್ಮಣ್ಣು ಸಣ್ಣಗೆ ಸುರಿಯುತ್ತಿರುತ್ತದೆ. ಮಿರ್ಗದ ಮಳೆ ಬಿದ್ದೊಡನೆ ಕೆಳಗಿನ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ವರ್ಷವರ್ಷವೂ ಹೀಗೆ ಮೇಲಿನದು ಕೆಳಗಾಗಿ ಕೆಳಗಿನದು ಮೇಲಾಗಿ, ನೇಗಿಲಿಗೆ ಮೊದಲೇ ನೆಲವು ತನ್ನನ್ನು ತಾನೇ ಒಂದು ಸುತ್ತು ಉತ್ತುಕೊಂಡಿರುತ್ತದೆ. ದಖ್ಖಣದ ಬಸಾಲ್ಟ್ ಶಿಲೆ ಯುಗಾಂತರಗಳಲ್ಲಿ ಸವೆದು ಪುಡಿಯಾಗಿ ಉಂಟಾದ ಈ ಕಪ್ಪು ಮಣ್ಣು ಒಮ್ಮೆ ನೀರು ಕುಡಿದರೆ ಅದನ್ನು ತಿಂಗಳುಗಟ್ಟಲೆ ಬಿಟ್ಟುಕೊಡದು. ಭಾದ್ರಪದ ಆಶ್ವಯುಜಗಳ ಮಳೆಯ ತೇವವೊಂದನ್ನೇ ನೆಚ್ಚಿ ಬಿತ್ತಿದ ಬಿಳಿಜೋಳವು, ಮುಂದೆ ಆಕಾಶದಿಂದ ಒಂದು ಹನಿಯೂ ಬೀಳದಿದ್ದರೂ, ಚಳಿಗೂ ಇಬ್ಬನಿಗೂ ತಲೆಯೆತ್ತಿ ನಿಂತು ಶಿವರಾತ್ರಿಯ ಹೊತ್ತಿಗೆ ತೆನೆ ಕೊಡುವುದನ್ನು ಕಂಡವರು ಈ ಪ್ರದೇಶವನ್ನು ಬಂಜರೆಂದು ಕರೆಯಲಾರರು.

ಆದರೂ ಕಳೆದ ಕಾಲು ಶತಮಾನದಿಂದ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಹೆಸರನ್ನು ಸರ್ಕಾರಿ ಕಾಗದಗಳಲ್ಲಿ ಓದುವಾಗಲೆಲ್ಲ ಅವುಗಳ ಹಿಂದೆ ಒಂದೇ ವಿಶೇಷಣ ಅಂಟಿಕೊಂಡು ಬರುತ್ತಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ರಾಜ್ಯದ ಅಂದಿನ ೧೭೫ ತಾಲ್ಲೂಕುಗಳನ್ನು ತೂಗಿ ನೋಡಿ ೧೧೪ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ೩೯ನ್ನು ಅತ್ಯಂತ ಹಿಂದುಳಿದವೆಂದಿತು. ಈ ಮೂರೂ ಆ ಮೂವತ್ತೊಂಬತ್ತರೊಳಗೆ ಸೇರಿದವು. ಸಮಿತಿಯ ಲೆಕ್ಕದಲ್ಲಿ ತಪ್ಪಿತ್ತೆಂದು ನಾನು ಹೇಳಲಾರೆ; ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿಗಳನ್ನು ಎಣಿಸಿದವರಿಗೆ ಕಂಡುಬಂದ ಸತ್ಯ ಅದು. ಆದರೆ ಆ ವಿಶೇಷಣವನ್ನು ಇಪ್ಪತ್ತು ವರ್ಷ ಕೇಳಿ ಕೇಳಿ ನಮ್ಮ ಮನಸ್ಸಿನಲ್ಲಿ ಅದು ಮಣ್ಣಿಗೂ ಮನುಷ್ಯರಿಗೂ ಅಂಟಿದ ಗುಣವೆಂಬಂತೆ ಬೇರೂರಿಬಿಟ್ಟಿದೆ. ಈ ನೆಲದ ಬದುಕನ್ನು ನಿರ್ಧರಿಸುವ ಮಾತುಗಳು ಬಹುಕಾಲದಿಂದ ಈ ನೆಲದಾಚೆಗೆ ಆಡಲ್ಪಡುತ್ತ ಬಂದಿವೆ, ಮತ್ತು ಅವು ಇಲ್ಲಿಗೆ ತಲಪುವ ಹೊತ್ತಿಗೆ ಕಾಲ ಮೀರಿರುತ್ತದೆ. ಕಾರಣವನ್ನು ಹುಡುಕಬೇಕಾದದ್ದು ಅಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ನಕ್ಷೆಯನ್ನೊಮ್ಮೆ ನೋಡಬೇಕು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಪುಣೆ, ಸೊಲ್ಲಾಪುರ ಜಿಲ್ಲೆಗಳನ್ನು ಹಾದು, ಇಂಡಿ ಸಿಂದಗಿಗಳ ಸೀಮೆಯನ್ನು ಬಲಕ್ಕೂ ಅಫಜಲಪುರವನ್ನು ಎಡಕ್ಕೂ ಇಟ್ಟುಕೊಂಡು ನಮ್ಮ ಕಲಬುರಗಿ ಜಿಲ್ಲೆಯನ್ನು ಪ್ರವೇಶಿಸುತ್ತಾಳೆ. ಮುಂದೆ ಕಟ್ಟಿಸಂಗಾವಿಯ ಸೇತುವೆಯ ಬಳಿ ಜೇವರ್ಗಿಯನ್ನು ಕಲಬುರಗಿಯಿಂದ ಬೇರ್ಪಡಿಸುತ್ತ ಪೂರ್ವಕ್ಕೆ ಸಾಗುತ್ತಾಳೆ. ಆಳಂದಕ್ಕೆ ಭೀಮೆಯಿಲ್ಲ; ಅಲ್ಲಿಯದು ಅಮರ್ಜೆ. ಕೊರಳ್ಳಿಯ ಬಳಿ ಅಣೆಕಟ್ಟಿಗೆ ಸಿಕ್ಕಿ, ಉಳಿದ ನೀರನ್ನು ಹೊತ್ತು ದಕ್ಷಿಣಕ್ಕೆ ಹರಿದು, ದೇವಲ ಗಾಣಗಾಪುರದ ಸಂಗಮದಲ್ಲಿ ಅವಳು ಭೀಮೆಯನ್ನು ಕೂಡುತ್ತಾಳೆ. ದತ್ತ ಪರಂಪರೆಯ ನರಸಿಂಹ ಸರಸ್ವತಿಗಳ ಪಾದುಕೆಗಳ ದರ್ಶನಕ್ಕೆಂದು ಅಲ್ಲಿಗೆ ಬರುವ ಭಕ್ತರಲ್ಲಿ ಮರಾಠಿ ಮಾತನಾಡುವವರ ಸಂಖ್ಯೆ ಬಹಳ ದೊಡ್ಡದು. ಆ ಪರಂಪರೆಯ ಮುಖ್ಯ ಗ್ರಂಥವಾದ ಮರಾಠಿ ಗುರುಚರಿತ್ರೆಯನ್ನು ಬರೆದ ಸರಸ್ವತೀ ಗಂಗಾಧರನು ಆಳಂದ ತಾಲ್ಲೂಕಿನ ಕಡಗಂಚಿಯವನೆಂದೂ ಅವನ ಮನೆಮಾತು ಕನ್ನಡವಾಗಿತ್ತೆಂದೂ ಪ್ರತೀತಿ. ಅದೇ ಕಡಗಂಚಿಯಲ್ಲಿ ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇಂದು ಇದೆ. ಆಳಂದದಲ್ಲಿ ಲಾಡ್ಲೆ ಮಶಾಕರ ದರ್ಗಾ. ಜೇವರ್ಗಿಯಲ್ಲಿ ಅಖಂಡೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಮಠ. ಭೀಮೆಯ ದಂಡೆಯ ಘತ್ತರಗಿಯಲ್ಲಿ ಭಾಗ್ಯವಂತಿ. ಮೂರು ತಾಲ್ಲೂಕುಗಳ ಸಣ್ಣ ಹರವಿನಲ್ಲಿ ಇಷ್ಟೊಂದು ಶ್ರದ್ಧೆಗಳು ನೆಲೆಯೂರಿರುವುದು, ಜನರು ನಾಲ್ಕು ದಿಕ್ಕುಗಳಿಂದಲೂ ಈ ಬಯಲಿಗೆ ಬಂದು ಹೋಗುತ್ತಿದ್ದರೆಂಬುದಕ್ಕೆ ಸಾಕ್ಷಿ.

ಇತಿಹಾಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದರ ಒಂದು ಎಳೆಯನ್ನಷ್ಟೇ ಹಿಡಿದೆಳೆಯುತ್ತೇನೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದವು ಅಲಂದೆ ಸಾಸಿರವೆಂಬ ನಾಡಿಗೆ ಹೆಸರು ಕೊಟ್ಟ ಊರು; ಸಾಸಿರ ಎಂಬ ಮಾತೇ ಅದು ಒಂದು ಆಡಳಿತಕೇಂದ್ರವಾಗಿತ್ತೆಂಬುದನ್ನು ಹೇಳುತ್ತದೆ. ೧೩೪೭ರಲ್ಲಿ ಬಹಮನಿ ರಾಜ್ಯ ಕಲಬುರಗಿಯಲ್ಲಿ ಸ್ಥಾಪನೆಯಾದಾಗಲೂ ರಾಜಧಾನಿ ಒಂದು ದಿನದ ಕುದುರೆಯ ದಾರಿಯಲ್ಲಿತ್ತು. ಆ ವಂಶದ ಫಿರೋಜ್ ಶಹನಂತೂ ಜೇವರ್ಗಿಗೆ ಹೋಗುವ ದಾರಿಯ ಭೀಮೆಯ ದಂಡೆಯಲ್ಲೇ ಫಿರೋಜಾಬಾದೆಂಬ ಹೊಸ ನಗರವನ್ನು ಕಟ್ಟಿಸಿದನು. ಅದರ ಕೋಟೆಗೋಡೆಗಳು ಈಗಲೂ ಜಾಲಿಗಿಡಗಳ ನಡುವೆ ನಿಂತಿವೆ. ಮುಂದೆ ಬಿಜಾಪುರ, ಬಳಿಕ ಮೊಗಲರ ದೆಹಲಿ, ಬಳಿಕ ೧೭೨೪ರಿಂದ ನಿಜಾಮರು. ನಿಜಾಮರ ಹೈದರಾಬಾದಿನಲ್ಲಿ ಪಾಯಿಗಾ ಜಾಗೀರುಗಳೆಂಬ ವ್ಯವಸ್ಥೆಯಿಂದ ಈ ಸೀಮೆಯ ಬಹುಭಾಗದ ಕಂದಾಯ ನೂರಾರು ಮೈಲಿ ದೂರದ ಅಮೀರರ ಖಜಾನೆಗೆ ಸಲ್ಲುತ್ತಿತ್ತು. ಕಚೇರಿಯ ಭಾಷೆ ಒಂದು, ಹೊಲದ ಭಾಷೆ ಇನ್ನೊಂದು. ೧೯೪೮ರ ಸೆಪ್ಟೆಂಬರ್ ೧೭ರಂದು ಹೈದರಾಬಾದು ಭಾರತಕ್ಕೆ ಶರಣಾದಾಗ ರಜಾಕಾರರ ಹಾವಳಿಗೆ ಹೆದರಿ ಗಡಿಯಾಚೆಯ ಸೊಲ್ಲಾಪುರದ ಕಡೆಗೆ ಹೆಂಡಿರುಮಕ್ಕಳೊಡನೆ ಓಡಿಹೋಗಿದ್ದವರು ಹಿಂತಿರುಗಿದರು. ೧೯೪೯ರಲ್ಲಿ ಜಾಗೀರುಗಳು ರದ್ದಾದವು. ೧೯೫೬ರ ನವೆಂಬರ್ ಒಂದರಂದು ಈ ತಾಲ್ಲೂಕುಗಳು ಕನ್ನಡ ರಾಜ್ಯದೊಳಗೆ ಬಂದವು. ಸಂತೋಷದ ದಿನ ಅದು, ಸಂದೇಹವಿಲ್ಲ. ಆದರೆ ಹೈದರಾಬಾದಿನಿಂದ ಬೆಂಗಳೂರಿಗೆ ಬದಲಾದ ರಾಜಧಾನಿ ಈ ಹೊಲಗಳಿಗೆ ಮೊದಲಿಗಿಂತ ದೂರವೇ ಆಯಿತು. ಹೆಸರು ಹೈದರಾಬಾದ್ ಕರ್ನಾಟಕದಿಂದ ಕಲ್ಯಾಣ ಕರ್ನಾಟಕವಾದದ್ದು ೨೦೧೯ರಲ್ಲಿ. ಸಂವಿಧಾನದ ೩೭೧(ಜೆ) ವಿಧಿ ಅದಕ್ಕಿಂತ ಮೊದಲೇ ಬಂದಿತ್ತು. ಅದರಿಂದ ನಮ್ಮ ಹುಡುಗ ಹುಡುಗಿಯರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ನೌಕರಿಗಳಲ್ಲಿಯೂ ಸ್ಥಾನ ದೊರೆತದ್ದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಹೊಲದಲ್ಲೇ ಉಳಿದವರ ಪ್ರಶ್ನೆ ಬೇರೆಯದು.

ರೈಲಿನ ವಿಷಯವನ್ನೇ ತೆಗೆದುಕೊಳ್ಳಿರಿ. ಮುಂಬಯಿಯಿಂದ ಸೊಲ್ಲಾಪುರದ ಮೂಲಕ ರಾಯಚೂರಿಗೆ ಹಳಿ ಬಿದ್ದು ಮದರಾಸಿನ ದಾರಿಯನ್ನು ಕೂಡಿದ್ದು ೧೮೭೧ರಲ್ಲಿ. ಅದು ಈ ಬಯಲಿನ ನಡುವೆಯೇ ಹಾದುಹೋಯಿತು; ಆದರೆ ಆಳಂದ, ಅಫಜಲಪುರ, ಜೇವರ್ಗಿ ಪಟ್ಟಣಗಳಲ್ಲಿ ಯಾವುದಕ್ಕೂ ಇಂದಿಗೂ ಸ್ವಂತದ ನಿಲ್ದಾಣವಿಲ್ಲ. ಗಾಣಗಾಪುರದ ಯಾತ್ರಿಕನೂ ‘ಗಾಣಗಾಪುರ ರೋಡ್’ ಎಂಬಲ್ಲಿಳಿದು ಮುಂದಿನ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸಬೇಕು. ಹೀಗಾಗಿ ಆಳಂದದ ಪಶ್ಚಿಮದ ಹಳ್ಳಿಗಳವರ ಮಾಲು ಗಡಿ ದಾಟಿ ದುಧನಿಯ ಅಡತಿಗೋ ಸೊಲ್ಲಾಪುರಕ್ಕೋ ಹೋಗುತ್ತದೆ. ದುಧನಿ, ಅಕ್ಕಲಕೋಟೆಗಳಲ್ಲಿ ತಕ್ಕಡಿಯ ಮುಂದೆ ನಡೆಯುವ ಮಾತು ಕನ್ನಡವೇ. ಗಡಿವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ೧೯೬೭ರಲ್ಲಿ ಅಕ್ಕಲಕೋಟೆ ನಮಗೆ ಸೇರಬೇಕೆಂದಿತು, ಸೇರಲಿಲ್ಲ. ಗಡಿಯ ಕಲ್ಲು ಎಲ್ಲಿದ್ದರೂ ರೈತನು ಒಳ್ಳೆಯ ಬೆಲೆ ಸಿಗುವಲ್ಲಿಗೆ ಹೋಗುತ್ತಾನೆ, ಮತ್ತು ಹಾಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ತೊಗರಿಗೆ ಬರುತ್ತೇನೆ; ಏಕೆಂದರೆ ಈ ಮೂರು ತಾಲ್ಲೂಕುಗಳ ಸುಖದುಃಖವೆಲ್ಲ ಈಗ ಆ ಒಂದು ಬೆಳೆಯ ಮೇಲೆ ನಿಂತಿದೆ. ಕಲಬುರಗಿ ಜಿಲ್ಲೆಯಲ್ಲಿ ಐದು ಲಕ್ಷ ಹೆಕ್ಟೇರಿಗೂ ಮಿಕ್ಕಿ ತೊಗರಿ ಬಿತ್ತುತ್ತಾರೆ. ನಾಡಿನ ತೊಗರಿಯ ಕಣಜವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ೨೦೧೯ರಲ್ಲಿ ‘ಗುಲ್ಬರ್ಗಾ ತೊಗರಿಬೇಳೆ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಹಿಂದಿನವರು ತೊಗರಿಯನ್ನು ಒಂಟಿಯಾಗಿ ಬೆಳೆಯುತ್ತಿರಲಿಲ್ಲ. ಜೋಳ, ಸಜ್ಜೆ, ಹೆಸರು, ಉದ್ದು, ಎಳ್ಳುಗಳ ನಡುವೆ ಕೂರಿಗೆಯ ಒಂದೋ ಎರಡೋ ತಾಳಿನಲ್ಲಿ ತೊಗರಿ ಇರುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಹೊಟ್ಟೆ ಹೊರೆಯುತ್ತಿತ್ತು. ಬೆಲೆಯ ಆಸೆಗೆ ಹೊಲಕ್ಕೆ ಹೊಲವೇ ತೊಗರಿಯಾದ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲ ನೆಟೆರೋಗದ ಶಿಲೀಂಧ್ರಕ್ಕೆ ಹಬ್ಬವಾಯಿತು. ೨೦೨೨ರಲ್ಲಿ ಹೂವೂ ಕಾಯಿಯೂ ತುಂಬಿ ನಿಂತಿದ್ದ ಗಿಡಗಳು ಕೆಲವೇ ದಿನಗಳಲ್ಲಿ ನಿಂತಲ್ಲೇ ಒಣಗಿ ಕಟ್ಟಿಗೆಯಾದವು. ಅಂಥ ಹೊಲದ ನಡುವೆ ನಡೆದಾಗ ಕಾಲಿಗೆ ತಗಲಿದ ಗಿಡದಿಂದ ಬರುವ ಸದ್ದು, ಒಣಗಿದ ಕಾಯಿಯೊಳಗೆ ಬಲಿಯದೆ ಉಳಿದ ಕಾಳಿನ ಆ ಪೊಳ್ಳು ಗಿಲಕು, ಒಮ್ಮೆ ಕೇಳಿದವನ ಕಿವಿಯಿಂದ ಹೋಗುವಂಥದಲ್ಲ. ಸರ್ಕಾರ ಹೆಕ್ಟೇರಿಗೆ ಹತ್ತು ಸಾವಿರ ರೂಪಾಯಿಗಳಂತೆ ಪರಿಹಾರ ಘೋಷಿಸಿತು. ರೋಗನಿರೋಧಕ ತಳಿಗಳನ್ನು ನಮ್ಮ ಕೃಷಿವಿಜ್ಞಾನಿಗಳು ಕೊಟ್ಟಿದ್ದಾರೆ, ಕೊಡುತ್ತಲೂ ಇದ್ದಾರೆ. ಆದರೆ ಜೋಳವನ್ನೂ ಹೆಸರನ್ನೂ ಹೊಲಕ್ಕೆ ಹಿಂತಿರುಗಿಸದೆ ಬರಿಯ ತಳಿಯಿಂದ ಈ ರೋಗ ತಗ್ಗುವುದೆಂದು ನನಗೆ ತೋರುವುದಿಲ್ಲ.

ತೊಗರಿಗೆ ಬೇಕಾದ ಶ್ರಮವನ್ನು ಪಟ್ಟಣದಲ್ಲಿ ಬೇಳೆ ಕೊಳ್ಳುವವರು ಒಮ್ಮೆಯಾದರೂ ಕಣ್ಣಾರೆ ಕಾಣಬೇಕು. ಕಾಯಿಕೊರಕ ಹುಳು ಬಿದ್ದ ವರ್ಷ ಔಷಧಿಗೆ ಹುಳು ಜಗ್ಗದಿದ್ದಾಗ, ಹೆಂಗಸರೂ ಗಂಡಸರೂ ನಸುಕಿನಲ್ಲಿಯೇ ಹೊಲಕ್ಕಿಳಿದು, ಸಾಲುಗಳ ನಡುವೆ ಹಳೆಯ ಸೀರೆಯನ್ನೋ ಚೀಲ ಹೊಲಿದ ತಟ್ಟನ್ನೋ ಹಾಸಿ, ಒಂದೊಂದೇ ಗಿಡವನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸುತ್ತಾರೆ. ಹಸಿರು ಹುಳುಗಳು ಪಟಪಟನೆ ಬಟ್ಟೆಯ ಮೇಲೆ ಉದುರುತ್ತವೆ. ಜೋರಾಗಿ ಅಲುಗಿಸಿದರೆ ಹೂವೂ ಉದುರೀತು, ಆದ್ದರಿಂದ ಕೈಗೆ ಹದ ಬೇಕು. ಬಟ್ಟೆಯನ್ನು ಸಾಲಿನಿಂದ ಸಾಲಿಗೆ ಎಳೆಯುತ್ತ, ಬಿಸಿಲೇರುವವರೆಗೆ ಬಗ್ಗಿದ ಬೆನ್ನು ಎತ್ತದೆ ಆರೇಳು ಜನ ದುಡಿದರೂ ಸಂಜೆಗೆ ಮುಗಿಯುವುದು ಹೊಲದ ಒಂದು ಮೂಲೆ.

ಇಷ್ಟು ದುಡಿದ ತೊಗರಿಗೆ ಬೆಲೆಯನ್ನು ಕಟ್ಟುವವರು ಯಾರು? ೨೦೧೫ರಲ್ಲಿ ನಗರಗಳ ಅಂಗಡಿಯಲ್ಲಿ ಬೇಳೆ ಕಿಲೋಗೆ ಇನ್ನೂರು ರೂಪಾಯಿ ಮುಟ್ಟಿದಾಗ ದೇಶವೇ ಗಾಬರಿಯಾಯಿತು. ೨೦೧೬ರಲ್ಲಿ ಮೊಜಾಂಬಿಕ್ ದೇಶದೊಡನೆ ತೊಗರಿ ಆಮದಿನ ಒಡಂಬಡಿಕೆಯಾಯಿತು. ಅದೇ ವರ್ಷ ಮಳೆ ಚೆನ್ನಾಗಿ ಬಂದು ಇಲ್ಲಿಯೂ ಫಸಲು ಉಕ್ಕಿತು. ಬೆಂಬಲ ಬೆಲೆ ಕ್ವಿಂಟಲಿಗೆ ೫,೦೫೦ ರೂಪಾಯಿ ಎಂದು ಬರೆದಿತ್ತು. ಅಡತಿಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾಲು ಹೋಯಿತು. ಖರೀದಿ ಕೇಂದ್ರಗಳ ಮುಂದೆ ಟ್ರ್ಯಾಕ್ಟರುಗಳು ದಿನಗಟ್ಟಲೆ ನಿಂತವು. ಮತ್ತೆ ೨೦೨೧ರ ಮೇ ತಿಂಗಳಿನಲ್ಲಿ ಆಮದಿನ ಬಾಗಿಲು ಪೂರ್ತಿ ತೆರೆಯಿತು. ಆ ಸೌಲಭ್ಯವನ್ನು ಮುಂದುವರಿಸುವ ಆಜ್ಞೆಗಳು ಬಂದ ಕಾಲವನ್ನು ಗಮನಿಸಬೇಕು: ಒಂದು ೨೦೨೩ರ ಡಿಸೆಂಬರಿನಲ್ಲಿ, ಇನ್ನೊಂದು ೨೦೨೫ರ ಜನವರಿಯಲ್ಲಿ, ಎಂದರೆ ಆಳಂದದ ಕಣಗಳಲ್ಲಿ ರಾಶಿ ನಡೆಯುತ್ತಿರುವ, ಹೊಟ್ಟು ತೂರುತ್ತಿರುವ ದಿನಗಳಲ್ಲೇ. ಆ ಎರಡನೆಯ ಆಜ್ಞೆ ಬಂದ ಹಂಗಾಮಿನಲ್ಲಿ ಬೆಂಬಲ ಬೆಲೆ ೭,೫೫೦ ಇದ್ದು, ರಾಜ್ಯ ಸರ್ಕಾರ ೪೫೦ ಸೇರಿಸಿ ೮,೦೦೦ ಮಾಡಿ ರೈತರ ಕೈಹಿಡಿಯಬೇಕಾಯಿತು.

ಆಮದೇ ಬೇಡವೆಂದು ನಾನು ವಾದಿಸುವುದಿಲ್ಲ. ಬೆಂಗಳೂರಿನ ಕೂಲಿಕಾರನ ತಟ್ಟೆಯಲ್ಲಿ ಸಾರಿಗೆ ಬೇಳೆ ಬೇಕು. ಆ ಕೂಲಿಕಾರರಲ್ಲಿ ಅಫಜಲಪುರ, ಜೇವರ್ಗಿಗಳಿಂದ ಗುಳೆ ಹೋದವರೇ ಎಷ್ಟೋ ಮಂದಿ ಇದ್ದಾರೆ. ದೇಶದ ಬೆಳೆ ದೇಶದ ಊಟಕ್ಕೆ ಸಾಲದ ವರ್ಷಗಳಲ್ಲಿ ಮಲಾವಿಯಿಂದಲೋ ಮ್ಯಾನ್ಮಾರಿನಿಂದಲೋ ತರಿಸುವುದು ಅನಿವಾರ್ಯ. ನಾನು ಕೇಳುವುದಿಷ್ಟೆ: ಆ ವರ್ಷ ಎಷ್ಟು ತೊಗರಿ ಯಾವ ಸುಂಕಕ್ಕೆ ಹೊರಗಿನಿಂದ ಬರುವುದೆಂಬ ನಿರ್ಣಯವನ್ನು ಬಿತ್ತನೆಗೆ ಮೊದಲೇ, ಮೇ ತಿಂಗಳೊಳಗೇ ಪ್ರಕಟಿಸಬೇಕು, ಪ್ರಕಟಿಸಿದ ಮೇಲೆ ರಾಶಿ ಮುಗಿಯುವವರೆಗೆ ಅದನ್ನು ಬದಲಿಸಬಾರದು. ಆಗ ರೈತನು ನಾಲ್ಕು ಎಕರೆಯಲ್ಲಿ ಎರಡನ್ನು ತೊಗರಿಗಿಟ್ಟು ಉಳಿದೆರಡಕ್ಕೆ ಜೋಳವನ್ನೋ ಹೆಸರನ್ನೋ ಆರಿಸಿಕೊಳ್ಳುತ್ತಾನೆ. ಬೆಂಬಲ ಬೆಲೆ ಬಿತ್ತನೆಯ ಹೊತ್ತಿಗೇ ಘೋಷಿತವಾಗುವುದಾದರೆ, ಆ ಬೆಲೆಯನ್ನು ಕೆಡವಬಲ್ಲ ಆಮದಿನ ನೀತಿ ಮಾತ್ರ ರಾಶಿಯ ಕಾಲಕ್ಕೇ ಏಕೆ ಬರಬೇಕು?

ಬೇಳೆಯಾಗುವ ಕೆಲಸವೂ ಇಲ್ಲಿಯೇ ಆಗಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ತೊಗರಿಯನ್ನು ನೆನೆಸಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ, ಬೀಸುವ ಕಲ್ಲಿಗೆ ಹಾಕಿ ಒಡೆದು, ಕೇರಿ, ವರ್ಷದ ಬೇಳೆಯನ್ನು ಮನೆಯಲ್ಲೇ ಸಿದ್ಧಪಡಿಸುತ್ತಿದ್ದರು. ಒಡೆದ ನುಚ್ಚು ದನಕ್ಕಾಗುತ್ತಿತ್ತು, ಕಟ್ಟಿಗೆ ಒಲೆಗೂ ಮಾಡಿನ ಹೊದಿಕೆಗೂ ಒದಗುತ್ತಿತ್ತು. ಈಗ ಕಾಳು ಚೀಲದಲ್ಲಿ ಹೊರಗೆ ಹೋಗುತ್ತದೆ, ಬೇಳೆ ಪೊಟ್ಟಣದಲ್ಲಿ ಒಳಗೆ ಬರುತ್ತದೆ. ನಡುವಿನ ಲಾಭ ಮಾತ್ರ ಊರಿಗೆ ಬರುವುದಿಲ್ಲ. ಕಲಬುರಗಿ ನಗರದ ಬೇಳೆ ಗಿರಣಿಗಳು ಕಷ್ಟದಲ್ಲಿರುವುದನ್ನು ಬಲ್ಲೆ. ಆದರೂ ನರೋಣಾ, ಕರ್ಜಗಿ, ಯಡ್ರಾಮಿಗಳಂಥ ಊರುಗಳಲ್ಲಿ ರೈತ ಉತ್ಪಾದಕರ ಸಂಘಗಳಿಗೆ ಸಣ್ಣ ಗಿರಣಿ, ಉಗ್ರಾಣ, ಮತ್ತು ಉಗ್ರಾಣದ ರಸೀದಿಯ ಮೇಲೆ ಕಡಿಮೆ ಬಡ್ಡಿಯ ಸಾಲ ದೊರೆತರೆ, ಜನವರಿಯಲ್ಲೇ ಮಾರಿ ಸಾಲ ತೀರಿಸಬೇಕಾದ ಒತ್ತಡ ತಪ್ಪಿ, ಭೌಗೋಳಿಕ ಸೂಚಕದ ಮುದ್ರೆ ಇಂದಿನಂತೆ ಕಾಗದದಲ್ಲಿ ಉಳಿಯದೆ ಬೇಳೆಯ ಚೀಲದ ಮೇಲೆ ಬಂದೀತು.

ನೀರಿನ ಕತೆಯೂ ಇದೇ ಬಗೆಯದು. ಭೀಮೆಗೆ ಅಡ್ಡಲಾಗಿ ಸೊಲ್ಲಾಪುರ ಜಿಲ್ಲೆಯ ಉಜನಿಯಲ್ಲಿ ೧೯೮೦ರಲ್ಲಿ ಪೂರ್ಣವಾದ ಜಲಾಶಯ ಸುಮಾರು ೧೧೭ ಟಿಎಂಸಿ ನೀರು ಹಿಡಿಯಬಲ್ಲುದು. ಅದು ತುಂಬುವವರೆಗೆ ಕೆಳಗಿನ ನದಿ ಮರಳಿನ ಹಾಸು; ತುಂಬಿ ಬಾಗಿಲೆತ್ತಿದಾಗ ಸಮುದ್ರ. ಬೇಸಿಗೆಯಲ್ಲಿ ನದಿಗೆ ನೀರು ಬಿಡಿಸಿರೆಂದು ಅಫಜಲಪುರದವರು ಧರಣಿ ಕೂರುವುದನ್ನು ಕಂಡಿದ್ದೇವೆ. ಅದೇ ಜನ ೨೦೨೦ರ ಅಕ್ಟೋಬರಿನಲ್ಲಿ ಮನೆಯೊಳಗೆ ಎದೆಯೆತ್ತರ ನಿಂತ ನೀರಿನಿಂದ ಮುದುಕರನ್ನು ಹೊತ್ತು ಹೊರಗೆ ಬಂದುದನ್ನೂ ಕಂಡಿದ್ದೇವೆ. ಆಗ ಕಬ್ಬು ಮಲಗಿತು. ಕೊಯ್ಲಿಗೆ ಬಂದ ಹತ್ತಿ ಕೊಳೆಯಿತು. ನೀರಿಳಿದ ಮೇಲೆ ಹೊಲದ ಮೇಲೆ ಗೇಣುದ್ದ ಮೆಕ್ಕಲು ಉಳಿಯಿತು. ನದಿಯ ನೀರನ್ನು ನೆಚ್ಚಿ ಹವಳಗಾ, ಭೂಸನೂರುಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಬೆಳೆಯುವವರೂ, ಸೊನ್ನದ ಬ್ಯಾರೇಜಿನ ಏತ ನೀರಾವರಿಯನ್ನು ನೆಚ್ಚಿದವರೂ ಹೀಗೆ ಒಂದೇ ನದಿಯಿಂದ ಎರಡು ಬಗೆಯ ಹೊಡೆತ ತಿನ್ನುತ್ತಾರೆ. ಜೇವರ್ಗಿಯ ದಕ್ಷಿಣದ ಹಳ್ಳಿಗಳಿಗೆ ಕೃಷ್ಣೆಯ ಕಾಲುವೆಯುಂಟು. ಅದರ ತುದಿಗೆ ನೀರು ತಲಪುವುದು ಮೇಲಿನವರ ದಯೆ. ಮಲ್ಲಾಬಾದ ಏತ ನೀರಾವರಿಯ ಮಾತು ಬಹುಕಾಲದಿಂದ ಕೇಳುತ್ತಲೇ ಇದ್ದೇವೆ.

ಎರಡು ರಾಜ್ಯಗಳ ನಡುವಿನ ಹಂಚಿಕೆಯನ್ನು ನ್ಯಾಯಮಂಡಳಿಗಳು ನೋಡಿಕೊಳ್ಳಲಿ. ಆದರೆ ಉಜನಿಯ ಬಾಗಿಲು ಯಾವ ದಿನ ಎಷ್ಟು ತೆರೆಯುತ್ತದೆ, ಆ ನೀರು ಘತ್ತರಗಿಗೆ ಎಷ್ಟು ಗಂಟೆಗಳಲ್ಲಿ ಮುಟ್ಟುತ್ತದೆ ಎಂಬ ಸುದ್ದಿ ನದಿಪಾತ್ರದ ಪ್ರತಿ ಗ್ರಾಮ ಪಂಚಾಯಿತಿಗೆ ಡಂಗುರದಂತೆ, ಸಮಯಕ್ಕೆ, ಕನ್ನಡದಲ್ಲಿ ಬರುವಂತೆ ಮಾಡಲು ಯಾವ ನ್ಯಾಯಮಂಡಳಿಯ ತೀರ್ಪೂ ಬೇಡ. ಎರಡು ಜಿಲ್ಲಾಧಿಕಾರಿಗಳ ಕಚೇರಿಗಳ ನಡುವೆ ಖಾಯಂ ವ್ಯವಸ್ಥೆಯೊಂದು ಸಾಕು. ಎಮ್ಮೆಯ ಕಣ್ಣಿ ಬಿಚ್ಚಲು, ಪಂಪ್‌ಸೆಟ್ಟನ್ನು ದಡಕ್ಕೆಳೆಯಲು ರೈತನಿಗೆ ಬೇಕಾದುದು ಆರು ಗಂಟೆಯ ಅವಕಾಶ. ಬೇಸಿಗೆಗೂ ಹಾಗೆಯೇ: ಕುಡಿಯುವ ನೀರಿಗಾಗಿ ಇಂತಿಷ್ಟು ಬಿಡುತ್ತೇವೆಂದು ಫೆಬ್ರವರಿಯಲ್ಲೇ ತಿಳಿಸಿದರೆ ಧರಣಿಯ ಚಪ್ಪರವೇ ಏಳುವುದಿಲ್ಲ.

೨೦೨೪ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸುವ ಸಮಿತಿ ರಚಿತವಾಯಿತು. ಅಂಥ ಸಮಿತಿಗಳಿಗೆ ನನ್ನದೊಂದು ಬಿನ್ನಹ. ಶಾಲೆ ಆಸ್ಪತ್ರೆಗಳನ್ನು ಎಣಿಸುವಾಗ ಇದನ್ನೂ ಎಣಿಸಲಿ: ಈ ತಾಲ್ಲೂಕಿನ ಬೆಳೆಯನ್ನೂ ನೀರನ್ನೂ ಕುರಿತ ಆಜ್ಞೆಗಳು ವರ್ಷದಲ್ಲಿ ಎಷ್ಟು ಬಂದವು, ಎಲ್ಲಿಂದ ಬಂದವು, ಯಾವ ತಿಂಗಳಿನಲ್ಲಿ ಬಂದವು. ಕಟ್ಟಡಗಳಿಗಾಗಿ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣ ಬಂದಿದೆ, ಇನ್ನೂ ಬರಲಿ. ಆದರೆ ತಡವಾಗಿ ಬಂದ ಒಂದು ಅಧಿಸೂಚನೆಯಿಂದ ಒಂದು ಹಂಗಾಮಿನಲ್ಲಿ ಈ ಜಿಲ್ಲೆಯ ರೈತರು ಕಳೆದುಕೊಳ್ಳುವುದನ್ನು ಯಾವ ಕಟ್ಟಡವೂ ತುಂಬಿಕೊಡಲಾರದು.

ಕಳೆದ ಬೇಸಿಗೆಯಲ್ಲಿ ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬೇವಿನ ನೆರಳಿನ ಕಟ್ಟೆಯ ಮೇಲೆ, ವಯಸ್ಸಾದ ರೈತರೊಬ್ಬರು ಬೀಜದ ತೊಗರಿಯನ್ನು ಮೊರದಲ್ಲಿ ಹಾಕಿಕೊಂಡು ಆರಿಸುತ್ತ ಕುಳಿತಿದ್ದರು. ಕೆಂಪಗಿನ ಗಟ್ಟಿ ಕಾಳನ್ನು ಒಂದು ಕಡೆಗೆ, ಸುಕ್ಕಿದ್ದನ್ನು ಇನ್ನೊಂದು ಕಡೆಗೆ ಬೆರಳ ತುದಿಯಿಂದ ಸರಿಸುತ್ತಿದ್ದರು. ಪಕ್ಕದಲ್ಲಿ ಕುಳಿತು, “ಮುತ್ಯಾ, ಈ ಸಲಾನೂ ಪೂರಾ ತೊಗರೀನೇ ಏನ್ರಿ?” ಎಂದೆ.

“ಇನ್ನಾ ಖಾತ್ರಿ ಇಲ್ಲ ತಮ್ಮಾ. ಅರ್ಧಾ ಜ್ವಾಳ ಹಾಕಬೇಕಂತ ಮನಸ್ಸದ. ಹ್ವಾದ ವರ್ಷ ಬಿತ್ತುವಾಗ ಒಂದು ರೇಟ್ ಇತ್ತು, ರಾಶಿ ಮಾಡುವಾಗ ಒಂದು ಆಯ್ತು. ಮಳಿ ಹೆಂಗ ಬರ್ತದ ಅಂತ ಹೇಳಂತ ನಾ ಯಾರಿಗೂ ಕೇಳಲ್ಲ, ಅದು ದೇವರ ಕೈಯಾಗ ಅದ. ಹೊರಗಿಂದು ಎಷ್ಟ್ ಮಾಲ್ ತರಸ್ತೀರಿ ಅಂಬೋದು ನಿಮ್ಮ ಕೈಯಾಗ ಅದ ಅಲ್ಲಾ? ಅದಿಷ್ಟು ಮಿರ್ಗಕ್ಕಿಂತ ಮೊದಲ ಹೇಳ್ರಿ ಅಂತ ಪೇಪರ್‌ದಾಗ ಬರಿ.”

ಮೃಗಶಿರಾ ಮಳೆ ಹೂಡುವುದು ಜೂನ್ ಏಳರ ಸುಮಾರಿಗೆ. ಅವರು ಹೇಳಿದಂತೆ ಬರೆದಿದ್ದೇನೆ.